ಸೆಟ್ ಆಗಲ್ಲಮ್ಮ

ನಮ್ಮ ಬ್ರೋಕರ್ ಬಾಯಲ್ಲಿ ಎಲ್ಲವೂ ಸೆಟ್ಟೇ. ನಲ್ಲಿ ರಿಪೇರಿಯಾದರೆ ಸೆಟ್, ಓನರ್ ಫೋನೆತ್ತಿದರೆ ಸೆಟ್. ನನ್ನ ಮುಖ ಬಾಡಿದ್ದರೆ, "ಟೀ ಕುಡೀರಿ ಮೇಡಂ, ಸೆಟ್ ಆಗ್ತೀರಾ." ಅವತ್ತು ಸಂಜೆಯೊಳಗೆ ಹಳೇ ರೂಮು ಬಿಡಬೇಕಿತ್ತು. ಅವನನ್ನೇ ನಂಬಿ ಬೆಂಗಳೂರಿನ ಹೊಸ ತಿಪ್ಪಸಂದ್ರದಲ್ಲಿ ಮೂರನೇ ಮನೆಯ ಮೆಟ್ಟಿಲು ಹತ್ತಿದೆ.

ಓನರ್ ಆಂಟಿ ಊರು ಕೇಳಿದರು. ರಾಯಚೂರು ಅಂದೆ. ಊಟ ಕೇಳಿದರು. ಎಲ್ಲಾ ತಿಂತೀನ್ರಿ ಅಂದೆ.

"ನಮಗೆ ಸೆಟ್ ಆಗಲ್ಲಮ್ಮ."

ಹಿಂದಿನ ಎರಡು ಮನೆಯಲ್ಲೂ ಇದೇ ಮಾತು. ತಲೆ ಕೆಟ್ಟುಹೋಯಿತು.

"ಯಾವ್ದು ಸೆಟ್ ಆಗಂಗಿಲ್ಲ ಹೇಳ್ರಿ ಆಂಟಿ. ನನ್ನ ಊಟಾನೋ, ಜಾತೀನೋ?"

"ನೀರು ಕುಡೀತೀಯಾ?" ಅಂದರು.

ಕೊನೆಗೆ ಹೊರಮಾವಿನಲ್ಲಿ ರೂಮು ಸಿಕ್ಕಿತು. ಹೋದ ವಾರ ಅದರಲ್ಲಿ ನನ್ನ ಜೊತೆ ಇರೋಕೆ ಒಬ್ಬಳು ಕೇಳಿಕೊಂಡು ಬಂದಳು. ಊರು ಕೇಳಿದೆ, ಊಟ ಕೇಳಿದೆ. ಸೆಟ್ ಆಗಲ್ಲಮ್ಮ ಅಂದೆ.

"ಯಾಕಕ್ಕಾ?" ಅಂದಳು.

ನಾನು ನೀರು ತರೋಕೆ ಎದ್ದೆ.