ಒಳಗೆ ಕೂತರೆ ಕಾಣದ ವಿಮಾನ

ಕಂಕನಾಡಿಯ ನಮ್ಮ ಹಲ್ಲಿನ ಡಾಕ್ಟರರಿಗೆ ಅನ್ಯಗ್ರಹದವರ ಕತೆಯ ಸಿನಿಮಾಗಳ, ಯುದ್ಧವಿಮಾನಗಳ ಹುಚ್ಚು. ನನ್ನ ಬಾಯಿ ತೆರೆಸಿಟ್ಟು, "ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಸಿನಿಮಾದವರಿಗೆ ಅಷ್ಟು ಶಬ್ದ ಎಲ್ಲಿಂದ? ಶಬ್ದ ಅಂದರೆ ಫೈಟರ್ ಜೆಟ್‌ನದ್ದು. ಎಂತ ಹೇಳ್ತೀರಿ?" ಎನ್ನುತ್ತಿದ್ದರು. ನಾನು "ಆಂ" ಎಂದರೆ ಅದು ಒಪ್ಪಿಗೆಯೆಂದೇ ಅವರ ಲೆಕ್ಕ.

ದುಬೈಯಲ್ಲಿರುವ ಅವರ ಮಗಳಿಗೆ ಹೆರಿಗೆಯಾದಾಗ ಅವರನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದವನು ನಾನೇ. ಅವರಿಗದು ಮೊದಲ ವಿಮಾನಯಾನ. ಬಾಗಿಲವರೆಗೆ ಹೋದವರು ಅಲ್ಲೇ ತುಸು ಹೊತ್ತು ನಿಂತು, ತಿರುಗಿ ಬಂದು ಕಾರಿನಲ್ಲಿ ಕೂತುಬಿಟ್ಟರು.

"ಎಂತ ಆಯ್ತು ಡಾಕ್ಟ್ರೆ?"

"ಒಳಗೆ ಕೂತರೆ ವಿಮಾನ ಕಾಣುವುದಿಲ್ಲ ಮಾರಾಯ್ರೆ."

ನಾನು ಕಾರು ತಿರುಗಿಸಿದೆ. ಅಷ್ಟರಲ್ಲಿ ಮಗಳ ಫೋನು ಬಂತು. ಅವರು ಕಿಟಕಿಯ ಕಡೆ ಮುಖ ಮಾಡಿ, ಮೆಲ್ಲಗೆ ಹೇಳಿದರು: "ಫ್ಲೈಟ್ ಕ್ಯಾನ್ಸಲ್ ಅಂತೆ ಮಗಾ. ಮಗು ಯಾರ ಹಾಗೆ ಉಂಟು?"