ರೊಪ್ಪಕ್ಕೆ ಬಾರದ ಕುರಿ

ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಬಂದವರಿಗೆ ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬಿಕೊಡುತ್ತೇನೆ. ಕೀಬೋರ್ಡಿನ ಮೇಲೆ ಬೆರಳು ಸರಾಗವಾಗಿ ಓಡುತ್ತವೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ನಾನೇ ಕಂಪ್ಯೂಟರ್ ಪಂಡಿತ ಎಂದುಕೊಂಡಿದ್ದೆ. ಆ ಜಂಬ ಇಳಿಸಿದ್ದು ಕುರಿಗಳು.

ಐ.ಡಿ.ಹಳ್ಳಿಯಲ್ಲಿರುವ ಅಪ್ಪ ಮಂಡಿನೋವು ತಡೆಯಲಾರದೆ ಹೋದ ವರ್ಷ ತನ್ನ ಮಂದೆಯನ್ನು ಪಾವಗಡದ ಕಡೆಯವರಿಗೆ ಮಾರಿಬಿಟ್ಟ. ಅವತ್ತಿನಿಂದ ಕುರಿಯ ಮಾತೇ ಎತ್ತಲಿಲ್ಲ. ಸಂಜೆಯಾದರೆ ಕುರಿ ಕೂಡುತ್ತಿದ್ದ ಖಾಲಿ ರೊಪ್ಪದ ಮುಂದೆ ಹೋಗಿ ಕೂರುತ್ತಿದ್ದ. ನೋಡಿ ನನಗೆ ಸಂಕಟವಾಗುತ್ತಿತ್ತು. ಆ ಸಂಕಟಕ್ಕೆ ನಾನು ಕಂಡುಕೊಂಡ ಮದ್ದೆಂದರೆ, ನಿನ್ನ ಮಂದೆಯನ್ನು ಫೋನಿನಲ್ಲೇ ಒಂದು ಆಟ ಮಾಡಿ ತಂದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದು.

ಹುಡುಕಿದಾಗ ಸಿಕ್ಕಿದ್ದು ಜಾವಾಸ್ಕ್ರಿಪ್ಟಿನಲ್ಲಿ 2ಡಿ ಆಟಗಳನ್ನು ಕಟ್ಟುವ ಒಂದು ಎಂಜಿನ್, ಅಂದರೆ ಆಟ ಕಟ್ಟಲು ಬೇಕಾದ ಸಿದ್ಧ ಸಲಕರಣೆ. ಅದು ಬಿಡಿ ಬಿಡಿ ಭಾಗಗಳಾಗಿ ಬರುತ್ತದೆ. ಚಿತ್ರ ತೋರಿಸಲು ಒಂದು ಭಾಗ, ಬೆರಳಿನ ಸ್ಪರ್ಶಕ್ಕೆ ಒಂದು, ಶಬ್ದಕ್ಕೆ ಇನ್ನೊಂದು. ಬೇಕಾದಷ್ಟನ್ನೇ ಸೇರಿಸಿಕೊಳ್ಳಿ ಎಂದು ಮೊದಲ ಪುಟದಲ್ಲೇ ಬರೆದಿತ್ತು. ಮದುವೆ ಊಟದಲ್ಲೂ ಸಾಕು ಅನ್ನಲು ಬಾರದವನು ನಾನು. ಎಲ್ಲವನ್ನೂ ಬಡಿಸಿಕೊಂಡೆ.

ಆಟ ಶುರುವಾದ ಕೂಡಲೇ ನಾನು ಬಯಲಿಗೆ ಬಿಟ್ಟಿದ್ದ ಇಪ್ಪತ್ತು ಕುರಿಗಳೂ ಪರದೆಯ ತಳಕ್ಕೆ ಬಿದ್ದು ಮಾಯವಾದವು. ಮತ್ತೆ ಶುರು ಮಾಡಿದೆ, ಮತ್ತೆ ಬಿದ್ದವು. ಎರಡು ಭಾನುವಾರ ಎಂಜಿನ್ ಬರೆದವನನ್ನು, ಲ್ಯಾಪ್‌ಟಾಪನ್ನು, ಕೊನೆಗೆ ಕರೆಂಟನ್ನೂ ಬೈದೆ. ಆಮೇಲೆ ತಿಳಿಯಿತು, ನಾನು ಬಡಿಸಿಕೊಂಡದ್ದರಲ್ಲಿ ಗುರುತ್ವಾಕರ್ಷಣೆಯೂ ಇತ್ತು. ನೆಗೆದು ಬೀಳುವ ಆಟಗಳಿಗೆ ಬೇಕಾದ ಭಾಗ ಅದು. ಮೇಲಿನಿಂದ ನೋಡುವ ನನ್ನ ಬಯಲಿನಲ್ಲಿ ಕುರಿಗಳನ್ನು ತಡೆದು ನಿಲ್ಲಿಸಲು ನೆಲವೇ ಇರಲಿಲ್ಲ. ಆ ಭಾಗ ಕಿತ್ತುಹಾಕಿದೆ, ಕುರಿಗಳು ನಿಂತವು.

ಮುಂದಿನ ವಾರ ಊರಿಗೆ ಹೋಗಿ ಫೋನನ್ನು ಅಪ್ಪನ ಕೈಗಿಟ್ಟೆ. ಬೆರಳಿನಿಂದ ಅಟ್ಟಿದರೆ ಕುರಿಗಳು ರೊಪ್ಪ ಸೇರುತ್ತವೆ, ಮೂಲೆಯಲ್ಲಿ ಎಣಿಕೆ ಏರುತ್ತದೆ ಎಂದು ದೊಡ್ಡದಾಗಿ ವಿವರಿಸಿದೆ. ಅವನು ಬಹಳ ಹೊತ್ತು ನೋಡಿದ.

"ಒಂದೇ ಕುರಿನ ಎಷ್ಟು ದಪ ತೋರುಸ್ತೀಯ್ಲಾ?" ಅಂದ.

ನಿಜವೇ. ಒಂದು ಚಿತ್ರ ಬರೆದು ಇಪ್ಪತ್ತು ಸಲ ಬಳಸಿದ್ದೆ, ಅದೇ ಜಾಣತನವೆಂದು ಬೀಗಿದ್ದೆ. ಅಪ್ಪನೋ ಜೀವಮಾನದಲ್ಲಿ ಕುರಿ ಎಣಿಸಿದವನಲ್ಲ, ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳುವವನು. ವಾರವಾರ ಆ ರೊಪ್ಪದ ಪಕ್ಕದಲ್ಲೇ ಬೈಕು ನಿಲ್ಲಿಸುತ್ತಿದ್ದ ನನಗೆ ಒಂದು ಕುರಿಯ ಗುರುತೂ ನೆನಪಿರಲಿಲ್ಲ. ನಾಚಿಕೆಯಾಯಿತು. ಹೆಂಗಿದ್ದವು ಹೇಳಪ್ಪ ಎಂದು ಕೇಳಿದೆ.

ಮಂದೆ ಮಾರಿದ ಮೇಲೆ ಅವನು ಕುರಿಗಳ ಬಗ್ಗೆ ಮಾತಾಡಿದ್ದು ಅವತ್ತೇ ಮೊದಲು. ಸೀಳುಗಿವಿಯದು, ಹಣೆಗೆ ಬಿಳಿ ಚುಕ್ಕೆಯದು, ಕಂಡವರ ಬೇಲಿಗೆ ಬಾಯಿ ಹಾಕುವ ಕಳ್ಳಿ. ಎಲ್ಲವನ್ನೂ ಒಂದು ಜೆರಾಕ್ಸ್ ಹಾಳೆಯ ಹಿಂದೆ ಬರೆದುಕೊಂಡೆ. ಚಿತ್ರ ಬಿಡಿಸಲು ತಿಂಗಳು ಹಿಡಿಯಿತು. ನನ್ನ ಕೈಯಲ್ಲಿ ಕೆಲವು ನಾಯಿಗಳಾದವು, ಒಂದು ದಿಂಬಾಯಿತು. ಆದರೂ ಮತ್ತೆ ಊರಿಗೆ ಹೋಗಿ ಫೋನು ಕೊಟ್ಟಾಗ ಅಪ್ಪ ಪ್ರತಿಯೊಂದನ್ನೂ ಗುರುತು ಹಿಡಿದ. ಬಾಯಲ್ಲಿ ಹೊಯ್ ಹೊಯ್ ಎನ್ನುತ್ತಾ ಒಂದೊಂದನ್ನೇ ಒಳಗೆ ಅಟ್ಟಿದ. ಇಪ್ಪತ್ತಕ್ಕೆ ಇಪ್ಪತ್ತು ಎಂದು ಪರದೆ ತೋರಿಸಿತು. ರೊಪ್ಪದ ಬಾಗಿಲು ಮುಚ್ಚಲು ಒಂದು ಬಟನ್ ಇಟ್ಟಿದ್ದೆ. ಅಪ್ಪ ಅದನ್ನು ಒತ್ತಲಿಲ್ಲ.

ಎಲ್ಲಾ ಬಂದವಲ್ಲ, ಮುಚ್ಚು ಎಂದೆ.

"ಕುಂಟ್‌ಕುರಿ ಬಂದಿಲ್ಲ ಕಣ್ಲಾ. ಅದು ಯಾವಾಗ್ಲೂ ತಡ. ಬರ್ಲಿ ಇರು."

ಜೇಬಿನಿಂದ ಹಾಳೆ ತೆಗೆದು ನೋಡಿದೆ. ಕೊನೆಯ ಸಾಲಿನಲ್ಲಿ ಕುಂಟುಕುರಿ ಇತ್ತು. ಇಪ್ಪತ್ತು ತುಂಬಿತಲ್ಲ ಎಂದು ನಾನೇ ಅದರ ಚಿತ್ರ ಬಿಡಿಸದೆ ಬಿಟ್ಟಿದ್ದೆ. ಅಪ್ಪ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲು ತೆರೆದೇ ಇಟ್ಟು, ಕಾಯುತ್ತಾ ಕೂತಿದ್ದ.