ಬಸಣ್ಣನ ಹಾಡು, ನನ್ನ ಭಜಿ

ಕಲೆಯಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರನ್ನು ನಾನು ಗಮನಿಸಿದ್ದೇನೆ. ಅವರು ಸಾಮಾನ್ಯವಾಗಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಈ ಪ್ರಶ್ನೆ ಎತ್ತುತ್ತಾರೆ. ಮೊನ್ನೆ ಮಹಾಂತೇಶ ನಗರದ ಬೀಗರ ಮನೆಯಲ್ಲಿ ಇಂಥದೇ ಚರ್ಚೆ ನಡೆದು ಎಲ್ಲರೂ ನನ್ನ ಕಡೆ ನೋಡಿದರು. ಬೆಳಗಾವಿಯಲ್ಲಿ ನನ್ನದು ಸ್ಟೀಲು ಪಾತ್ರೆಗಳ ಅಂಗಡಿ. ಕಲೆಯ ವಿರುದ್ಧ ಸಾಕ್ಷಿ ಹೇಳಲು ತಕ್ಕ ಮನುಷ್ಯನೆಂದು ಅವರು ತಿಳಿದಿರಬೇಕು. ‘ನನ್ನ ಹೊಟ್ಟಿ ಅಂತೂ ತುಂಬೇತ್ರಿ’ ಎಂದೆ. ಬೀಗರು ಅದನ್ನು ಹೋಳಿಗೆಯ ಹೊಗಳಿಕೆ ಎಂದುಕೊಂಡರು.

ನಾನು ಹೇಳಿದ್ದು ನಾಟಕ ಕಂಪನಿಯ ವಿಷಯ. ನಟರು ಪಾತ್ರ ಮಾಡುತ್ತಾರೆ, ನಾನು ಪಾತ್ರೆ ಮಾರುತ್ತೇನೆ. ವ್ಯತ್ಯಾಸ ಒಂದು ಎತ್ವದ್ದು. ಕಂಪನಿ ಊರಿಗೆ ಬಂದರೆ ಜನ ತಗಡಿನ ಥೇಟರನ್ನು ನೋಡುತ್ತಾರೆ. ನೀವು ವ್ಯಾಪಾರ ಮಾಡುವವರಾದರೆ ಅದರ ಸುತ್ತಮುತ್ತ ನೋಡಿರಿ. ಹಗಲು ಗಡ್ಡ ತೆಗೆಸಿಕೊಂಡು ಸಂಜೆ ಗಡ್ಡ ಅಂಟಿಸಿಕೊಳ್ಳುವ ಗಿರಾಕಿಗಳು ಕ್ಷೌರದಂಗಡಿಯವನಿಗೆ ಬೇರೆ ಯಾವ ಧಂದೆಯಿಂದ ಸಿಕ್ಕಾರು? ಬಣ್ಣ ತೆಗೆಯಲಿಕ್ಕೆ ಬೇಕಾದ ಕೊಬ್ಬರಿ ಎಣ್ಣೆಯಿಂದ ಕಿರಾಣಿ ಅಂಗಡಿ ಬದುಕುತ್ತದೆ. ಮರುದಿನ ಹೆಣ್ಣುಮಕ್ಕಳು ಬಟ್ಟೆ ಅಂಗಡಿಗೆ ಹೋಗಿ ‘ನಿನ್ನೆ ರಾಣಿ ಉಟ್ಟಿದ್ದಳಲ್ರಿ, ಅಂಥಾದ್ದು ತೋರಸ್ರಿ’ ಎನ್ನುತ್ತಾರೆ. ರಾಣಿಯ ರಾಜ್ಯ ಹೋಗಿರುತ್ತದೆ, ಅಂಗಡಿಯವನ ಸೀರೆ ಹೋಗುತ್ತದೆ.

ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಅಂಗಡಿ ಇರಲಿಲ್ಲ. ಕಾಕತಿಯಿಂದ ಒಂದು ಒಲೆ, ಒಂದು ಬಾಣಲೆ ಹೊತ್ತು ಬೆಳಗಾವಿಗೆ ಬಂದವನು ನಾಟಕದ ಥೇಟರಿನ ಬಾಜು ಮಿರ್ಚಿ ಭಜಿ ಕರಿಯುತ್ತಿದ್ದೆ. ಕಂಪನಿ ಖಾನಾಪುರಕ್ಕೆ ಹೊರಟಾಗ ಇದ್ದ ಜಾಗ ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಬೆನ್ನಿಗೆ ನಾನೂ ಹೋದೆ. ಅಲ್ಲಿ ಮ್ಯಾನೇಜರರೊಂದಿಗೆ ಜಾಗದ ಮಾತಾಯಿತು. ಗಾಳಿ ಬೀಸುವ ಮಗ್ಗುಲಲ್ಲಿ, ಕುರ್ಚಿಗಳಿಗೆ ಹತ್ತಿರ, ನಾನು ಜಾಗ ಹಿಡಿದಿದ್ದೆ.

‘ಅಲ್ಲಿ ಬ್ಯಾಡೋ ಸಾವಕಾರ, ಗೇಟಿನ ಕಡೆ ಹಚ್ಚು. ಇಲ್ಲಿಂದ ವಾಸನಿ ಒಳಗ ಬರತೈತಿ.’

‘ಅದಕ್ಕ ಇಲ್ಲೇ ಬೇಕ್ರಿ.’

‘ರಾಜಾ ಸಾಯೂ ಹೊತ್ತಿನ್ಯಾಗ ಮಂದಿ ಮೂಗ ಏರಸಿಕೋತ ಕುಂತ್ರ ಹೆಂಗ?’

‘ಅಳೂ ಮಂದಿಗೂ ಹಸಿವಿ ಆಗತೈತ್ರಿ ಸಾಹೇಬ್ರ.’

ಆಟ ಮುಗಿದ ಮೇಲೆ ಉಳಿದ ಭಜಿ ಕಲಾವಿದರಿಗೆ ಪುಕ್ಕಟೆ ಎಂದು ಹೇಳಿ ಬಾಡಿಗೆ ಇಳಿಸಿಕೊಂಡೆ. ಚೌಕಾಸಿ ಮಾಡುವಾಗ ಹೇಗಿದ್ದರೂ ಉಳಿಯುವ ವಸ್ತುವನ್ನೇ ಧಾರಾಳವಾಗಿ ಕೊಡಬೇಕು. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ.

ಆದರೆ ಖಾನಾಪುರದ ಕಡೆ ಅರ್ಧ ಮಂದಿ ಮರಾಠಿಯವರು. ಗದಗಿನ ಕಡೆಯಿಂದ ಬಂದ ಕಂಪನಿಯ ಮಾತು ಅವರ ತಲೆಗೆ ಪೂರಾ ಹತ್ತಲಿಲ್ಲ. ಹಾಡು ಕೇಳಲು ಒಮ್ಮೆ ಬಂದವರು ಮತ್ತೆ ಬರಲಿಲ್ಲ. ಮ್ಯಾನೇಜರರು ‘ಸೋಮವಾರ ಕ್ಯಾಂಪ ಎತ್ತೂದ’ ಎಂದುಬಿಟ್ಟರು. ಮುಂದಿನ ಊರು ದೂರ. ಅಲ್ಲಿ ಭಜಿಯವರು ಮೊದಲೇ ಇದ್ದರು. ಬೆಳಗಾವಿಯ ನನ್ನ ಜಾಗದಲ್ಲಿ ಇನ್ನೊಬ್ಬನ ಬಾಣಲೆ ಕುದಿಯುತ್ತಿತ್ತು. ಕ್ಯಾಂಪು ಎದ್ದರೆ ನಾನು ಒಲೆ ಹೊತ್ತು ಕಾಕತಿಗೆ ಹೋಗಿ ಅಣ್ಣನ ಮುಂದೆ ನಿಲ್ಲಬೇಕಿತ್ತು.

ಆ ಕಂಪನಿಯಲ್ಲಿ ಸಾಧುವಿನ ಪಾರ್ಟು ಮಾಡುವ ಬಸಣ್ಣ ಎಂಬ ಹರೆಯದ ಕಲಾವಿದನಿದ್ದ. ಕಂಠ ಒಳ್ಳೆಯದು, ಧೈರ್ಯ ಕಡಿಮೆ; ನೆಲ ನೋಡಿಕೊಂಡು ಹಾಡುತ್ತಿದ್ದ. ಅವನಿಗೆ ಒಂದು ಸಲವೂ ವನ್ಸ್‌ಮೋರ್ ಬಿದ್ದಿರಲಿಲ್ಲ. ವನ್ಸ್‌ಮೋರ್ ಎಂದರೆ ನಿಮಗೆ ಮೆಚ್ಚುಗೆ. ನಮ್ಮಂಥವರಿಗೆ ಅದು ಆಟ ಇನ್ನಷ್ಟು ಉದ್ದವಾಗಿ ಇನ್ನೊಂದು ಬಾಣಲೆ ಭಜಿ ಖರ್ಚಾಗುವ ಸುದ್ದಿ.

ಆ ಶುಕ್ರವಾರ ಸಂಜೆ ಗಾಳಿ ಚೆನ್ನಾಗಿ ಬೀಸಿತು. ಬಸಣ್ಣನ ಹಾಡು ಮುಗಿಯುವ ಹೊತ್ತಿಗೆ ಕುರ್ಚಿಯವರು ಮೂಗಿನ ಮಾತು ಕೇಳಿ ಒಬ್ಬೊಬ್ಬರೇ ಎದ್ದರು. ಹಿಂದೆ ನೆಲದ ಮೇಲೆ ಕೂತ ಮರಾಠಿ ರೈತರಿಗೆ ಸ್ಟೇಜು ಕಾಣದಾಯಿತು. ‘ಬಸಾ! ಖಾಲೀ ಬಸಾ!’ ಎಂದು ಕೂಗಿದರು. ಕೆಳಗೆ ಕೂಡ್ರಿ ಎಂದರ್ಥ. ಸ್ಟೇಜಿನ ಮೇಲಿದ್ದ ಬಸಣ್ಣ ತಲೆ ಎತ್ತಿದ. ಥೇಟರು ತುಂಬ ‘ಬಸಾ! ಬಸಾ!’ ಅವನು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಿಗೆ ಸನ್ನೆ ಮಾಡಿ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡ. ಈ ಸಲ ನೆಲ ನೋಡಲಿಲ್ಲ. ಭಜಿಗೆಂದು ಎದ್ದವರು ನಿಂತಲ್ಲೇ ಕೂತರು.

ಆಟ ಮುಗಿದದ್ದೇ ತಡ, ಬಸಣ್ಣ ಗಡ್ಡ ಕೀಳದೆ ನನ್ನ ಒಲೆಯ ಬಳಿ ಬಂದ.

‘ಅಣ್ಣಾರ, ಕೇಳಿದ್ರಿಲ್ಲೊ? ವನ್ಸ್‌ಮೋರ್ ಅನ್ನಲಿಲ್ರಿ, ಹೆಸರ ಹಿಡದ ಕೂಗ್ಯಾರ! ಬಸಾ ಅಂತ ನಮ್ಮವ್ವ ಒಬ್ಬಾಕಿನ ಕರಿಯೂದು.’

ನನಗೆ ಮರಾಠಿ ಬರುತ್ತದೆ. ನಾನು ಭಜಿ ತಿರುವಿ ಹಾಕಿದೆ. ‘ಕೇಳೀನಿ ತಮ್ಮಾ. ನಾಳೆ ಇನ್ನಷ್ಟು ಬಾಯಿ ಬಿಟ್ಟು ಹಾಡು.’

ಹಿಂದೆಯೇ ಮ್ಯಾನೇಜರರು ಬಂದರು. ‘ಎಲ್ಲಾ ಖರೇ, ನಡುವ ಖಾಲೀ ಖಾಲೀ ಅಂತ ಒದರ್ತಿದ್ರಲ್ಲೊ. ಥೇಟರ ಖಾಲಿ ಐತಿ ಅಂತ ಹೀಯಾಳಸ್ತಾರೇನು?’

‘ಇಲ್ರಿ, ಖಾಲಿ ಜಾಗ ಎಲ್ಲೈತಿ ಅಂತ ಹುಡಕಾಕತ್ತಾರ್ರಿ. ಮಂದಿ ಹೆಚ್ಚಾಗೇತಿ.’

ಕ್ಯಾಂಪು ಎತ್ತುವುದು ಒಂದು ವಾರ ಮುಂದಕ್ಕೆ ಹೋಯಿತು.

ಆ ವಾರ ಬಸಣ್ಣ ಹೆಸರು ಹಿಡಿದು ಕರೆಸಿಕೊಂಡವನ ಹಾಗೆ ಹಾಡಿದ. ದೇಸೂರಿನವರು ರೈಲು ಹತ್ತಿ ಬಂದರು. ಮರಳುವ ಗಾಡಿ ತಪ್ಪಿಸಿಕೊಂಡು, ಖಾನಾವಳಿಯಲ್ಲಿ ಉಂಡು, ಗಾಡಿ ತಪ್ಪಿಸಿದ ಬಸಣ್ಣನನ್ನು ಹೊಗಳಿದರು. ಖಾನಾವಳಿಯವನು ಇನ್ನೂ ಹೆಚ್ಚು ಹೊಗಳಿದ. ಆದರೂ ಭಾನುವಾರದ ಆಟ ನೋಡಿ ತೀರ್ಮಾನ ಎಂದು ಮ್ಯಾನೇಜರರು ಹಟ ಹಿಡಿದಿದ್ದರು.

ಭಾನುವಾರ ನನ್ನ ಭಜಿ ತಟ್ಟೆಯಲ್ಲೇ ಉಳಿಯಿತು. ಗಾಳಿ ಅದೇ, ವಾಸನೆ ಅದೇ, ಒಬ್ಬರೂ ಹೊರಗೆ ಬರಲಿಲ್ಲ. ಒಳಗೆ ಮಂದಿಯೇ ಇಲ್ಲವೇನೋ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ‘ಬಸಾ! ಬಸಾ!’ ಎಂದು ಕೂಗೆದ್ದಿತು. ಯಾರೋ ಎದ್ದರು, ಗಿರಾಕಿ ಬಂದರು ಎಂದು ಸಮಾಧಾನದಿಂದ ಗೋಣಿತಟ್ಟಿನ ಪರದೆ ಸರಿಸಿ ನೋಡಿದೆ. ಥೇಟರು ತುಂಬಿತ್ತು. ಎಲ್ಲರೂ ಕೂತಿದ್ದರು. ನಿಂತವರು ಒಬ್ಬರೂ ಇರಲಿಲ್ಲ, ಆದರೂ ಕೂಗು ನಿಲ್ಲಲಿಲ್ಲ. ಬಸಣ್ಣ ಕೈ ಮುಗಿದು ಮತ್ತೆ ಎತ್ತಿಕೊಂಡ.

ನನಗೆ ತಿಳಿಯದೆಯೇ ಒಳಗೆ ಬಂದಿದ್ದೆ. ರುಮಾಲಿನ ಮುದುಕನೊಬ್ಬ ಅಂಗಿ ಹಿಡಿದೆಳೆದ: ‘ಅಹೋ ಭಜಿವಾಲೇ, ತುಮ್ಹೀ ಬಸಾ ಕೀ ಖಾಲೀ!’

ಕೂತೆ. ಹಾಡು ಮುಗಿಯುವ ತನಕ ಒಲೆಯ ನೆನಪಾಗಲಿಲ್ಲ. ಮಳೆ ಹಿಡಿಯುವವರೆಗೂ ಇಲ್ಲೇ ಇರೋಣ ಎಂದು ಮ್ಯಾನೇಜರರು ಪೇಟಿ ಮಾಸ್ತರರಿಗೆ ಹೇಳಿದ್ದು ಕಿವಿಗೆ ಬಿತ್ತು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. ನಡೆದು ಬಂದು ಕೈ ಚಾಚಿದರು.

‘ಟಿಕೀಟ?’

ಕೇಳಿದಷ್ಟೇ ಕೊಟ್ಟೆ. ನಾಳೆಯೂ ಬಂದರೆ ಏನಾದರೂ ಕಡಿಮೆಯಾದೀತೇ ಎಂದು ಮಾತ್ರ ವಿಚಾರಿಸಿದೆ.